ಹಾಡಿನೊಳಗಿನ ಸೊಳ್ಳೆ

ಹಾಡಿನೊಳಗೆ ಸೊಳ್ಳೆ ಇದೆಯಂತೆ. ಬೆಳಿಗ್ಗೆ ಎಂಟೂವರೆಗೆ ಫೋನಿನಲ್ಲಿ ಬಂದ ಈ ಮಾತನ್ನು ಅವನು ನಕ್ಕು ತೇಲಿಸಿಬಿಟ್ಟಿದ್ದ. ಫೋನು ಇಟ್ಟ ಮೇಲೆ ನಗು ಹೋಯಿತು, ಸೊಳ್ಳೆ ಉಳಿಯಿತು. ಮುಖ ಒರೆಸಿಕೊಳ್ಳುವಾಗ, ಹಾಲು ಉಕ್ಕುವುದನ್ನು ಕಾಯುತ್ತ ಒಲೆಯ ಮುಂದೆ ನಿಂತಾಗ, ಅದೇ ಮಾತು ಬಂದು ಬಂದು ಕೂರುತ್ತಿತ್ತು. ಫೋನು ಮಾಡಿದ್ದವರು ನಿವೃತ್ತ ಬಸ್ ಡ್ರೈವರ್. ಮೂವತ್ತೊಂದು ವರ್ಷ ಸ್ಟೀರಿಂಗ್ ಹಿಡಿದು ಗುನುಗುತ್ತ ತಾವೇ ಕಟ್ಟಿದ ಹನ್ನೊಂದು ಹಾಡುಗಳನ್ನು, ಮನೆಯ ಸಾಮಾನು ಕೋಣೆಯಲ್ಲಿ ಹೊರಗಿನ ಸದ್ದು ಬರದಂತೆ ಸುತ್ತಲೂ ಹಾಸಿಗೆ ನಿಲ್ಲಿಸಿಕೊಂಡು, ಅಳಿಯ ಕೊಡಿಸಿದ ಮೈಕಿನ ಮುಂದೆ ಹಾಡಿ ತಂದಿದ್ದರು. ಅವನ್ನೆಲ್ಲ ತಿದ್ದಿ ತೀಡಿ, ಹೊಳಪು ಕೊಟ್ಟು, ಹೋದ ವಾರವಷ್ಟೇ ಅವನು ಅವರ ಕೈಗಿಟ್ಟಿದ್ದ. ‘ನಂದೇನೂ ತಕರಾರಿಲ್ಲ ಸಾರ್, ಮೊಮ್ಮಗಳು ಮಾತ್ರ ಹಾಡು ಹಾಕಿದ್ ತಕ್ಷಣ ಕಿವಿ ಮುಚ್ಕೋತಾಳೆ. ಹಾಡೊಳಗೆ ಸೊಳ್ಳೆ ಇದೆ ತಾತ ಅಂತಾಳೆ. ಐದು ವರ್ಷದ್ದು. ಹನ್ನೊಂದಕ್ಕೆ ಬರ್ಲಾ?’ ಎಂದಿದ್ದರು. ಬನ್ನಿ ಎಂದಿದ್ದ. ಬರಬೇಡಿ ಎನ್ನಲು ಕಾರಣವೇನೂ ಸಿಕ್ಕಿರಲಿಲ್ಲ.

ಮನೆಯಲ್ಲೇ ಹಾಡಿ ಮನೆಯಲ್ಲೇ ಮುದ್ರಿಸಿಕೊಳ್ಳುವ ಜನರ ನಡುವೆ ಅವನಿಗೆ ಕಿವಿಯಣ್ಣ ಎಂದು ಹೆಸರು. ಅವನಾಗಿ ಇಟ್ಟುಕೊಂಡದ್ದಲ್ಲ, ಆದರೆ ಬೇಡ ಎಂದದ್ದೂ ಇಲ್ಲ. ಮಾಸ್ಟರಿಂಗ್ ಎಂದರೇನು ಎಂದು ಕೇಳುವವರಿಗೆ ಅವನ ಹತ್ತಿರ ಇಪ್ಪತ್ತು ವರ್ಷ ಬಳಸಿ ಸವೆದ ಉತ್ತರವಿತ್ತು. ಅಡುಗೆ ನೀವು ಮಾಡಿ ತಂದಿದ್ದೀರಿ, ನಾನು ಒಲೆ ಹಚ್ಚುವವನಲ್ಲ. ಬಡಿಸುವ ಮುಂಚೆ ಒಂದು ಚಮಚ ಬಾಯಿಗೆ ಹಾಕಿಕೊಂಡು ಉಪ್ಪು ನೋಡುವವನು. ಮಬ್ಬಾದಲ್ಲಿ ಬೆಳಗಿಸಿ, ಗದ್ದಲವಿದ್ದಲ್ಲಿ ತಗ್ಗಿಸಿ, ಒಂದು ಹಾಡು ಕೂಗಿ ಇನ್ನೊಂದು ಪಿಸುಗುಟ್ಟದ ಹಾಗೆ ಎಲ್ಲವನ್ನೂ ಒಂದು ಮಟ್ಟಕ್ಕೆ ತಂದು, ಕಾರಿನಲ್ಲಿ ಹಾಕಿದರೂ ಕಿಸೆಯ ಫೋನಿನಲ್ಲಿ ಹಾಕಿದರೂ ಹಾಡು ಹಾಡಾಗಿಯೇ ಇರುವಂತೆ ನೋಡಿಕೊಳ್ಳುವುದು. ಅಷ್ಟನ್ನು ನಾವೇ ಮಾಡಿಕೊಳ್ಳಬಾರದೇ ಎಂದು ಕೇಳಿದವರಿಗೆ, ತನ್ನ ಬೆನ್ನು ತನಗೆ ಕಾಣದು ಎನ್ನುತ್ತಿದ್ದ. ಸಾವಿರ ಸಲ ಕೇಳಿದ ಹಾಡನ್ನು ನೀವು ಕೇಳುವುದಿಲ್ಲ ಸ್ವಾಮಿ, ಬರೀ ನೆನಪಿಸಿಕೊಳ್ಳುತ್ತೀರಿ. ಕೊನೆಗೊಮ್ಮೆ ಹೊರಗಿನವರ ಕಿವಿ ಬೇಕೇ ಬೇಕು. ಜನ ತಲೆದೂಗುತ್ತಿದ್ದರು. ಆಮೇಲೆ ಅವನು ತನ್ನ ಟವೆಲ್ ತೆಗೆಯುತ್ತಿದ್ದ. ಅದೊಂದು ನೀಲಿ ಟವೆಲ್, ಅಂಚು ಬಿಚ್ಚಿದ್ದು. ಹಾಡು ಶುರುವಾಗುವ ಮುಂಚೆ ಅದನ್ನು ಕಂಪ್ಯೂಟರಿನ ಪರದೆಯ ಮೇಲೆ ಹೊದಿಸುತ್ತಿದ್ದ. ಈಗಿನವರು ಹಾಡನ್ನು ನೋಡುತ್ತಾರೆ, ಪರದೆಯಲ್ಲಿ ಗೆರೆ ಏರಿತೇ ಇಳಿಯಿತೇ ಎಂದು ನೋಡಿ ತಿದ್ದುತ್ತಾರೆ, ಕಣ್ಣು ಕಿವಿಗೆ ಚಾಡಿ ಹೇಳುತ್ತದೆ, ಅದರ ಬಾಯಿ ಮುಚ್ಚಿಸದೆ ಕೆಲಸವಾಗುವುದಿಲ್ಲ ಎಂಬುದು ಅವನ ಸಿದ್ಧಾಂತ. ಸಿದ್ಧಾಂತವೂ ಹೌದು, ಸ್ವಲ್ಪ ನಾಟಕವೂ ಹೌದು. ಆ ಟವೆಲ್ ನೋಡಿದ ಮೇಲೆ ಯಾರೂ ಅವನ ಜೊತೆ ವಾದಿಸುತ್ತಿರಲಿಲ್ಲ.

‘ಬಚ್ಚಲಲ್ಲಿ ಜೀರುಂಡೆ ಸೇರ್ಕೊಂಡಿದೆ, ಹಿಡಿದು ಹಾಕಿ ಅಂತ ನಾಲ್ಕು ದಿನದಿಂದ ಹೇಳ್ತಿದೀನಿ’ ಎಂದಳು ಹೆಂಡತಿ, ಬ್ಯಾಗಿಗೆ ಊಟದ ಡಬ್ಬಿ ಇಡುತ್ತ. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಜೀರುಂಡೆ ಇಲ್ಲ, ಗೀರುಂಡೆ ಇಲ್ಲ, ನಾನು ನಿನ್ನೆ ಹೋಗಿ ನಿಂತು ಕೇಳಿದ್ದೀನಿ ಎಂದ. ಅವಳು ಕೈ ನಿಲ್ಲಿಸಿ ಅವನನ್ನು ಒಂದು ಗಳಿಗೆ ನೋಡಿದಳು. ಆ ನೋಟ ಅವನಿಗೆ ಗೊತ್ತು. ನಲವತ್ತು ದಾಟಿದ ಗಂಡಸರು ತನ್ನ ಅಂಗಡಿಗೆ ಬಂದು ಏನು ಹೇಳುತ್ತಾರೆಂದು ಅವಳು ಊಟಕ್ಕೆ ಕೂತಾಗ ಅಣಕಿಸಿ ತೋರಿಸುವುದುಂಟು: ಅಕ್ಷರ ಈಗ ತುಂಬಾ ಸಣ್ಣದಾಗಿ ಹಾಕ್ತಾರಲ್ಲಮ್ಮ, ಬಲ್ಬು ಮಂದ, ಕಾಗದ ಸರಿ ಇಲ್ಲ. ಕಣ್ಣು ಮಂದವಾಯಿತು ಎಂದು ಒಬ್ಬನೂ ಹೇಳುವುದಿಲ್ಲವಂತೆ. ಹಾಗೆ ಅಣಕಿಸುವಾಗ ಅವನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಈಗ ಅವಳು ಏನನ್ನೂ ಅಣಕಿಸಲಿಲ್ಲ. ‘ಸರಿ, ಇಲ್ಲ ಅಂದ್ರೆ ಇಲ್ಲ’ ಎಂದು ಚಪ್ಪಲಿ ಮೆಟ್ಟಿಕೊಂಡು ಹೋದಳು.

ಊಟದ ಮೇಜಿನ ಆಚೆ ತುದಿಯಲ್ಲಿ ಮಗಳು ಪುಸ್ತಕ ಹರಡಿಕೊಂಡು ಕೂತಿದ್ದಳು. ಹದಿನೇಳು ವರ್ಷ. ಪರೀಕ್ಷೆಗೆ ಓದಲು ರಜೆ. ಟೀ ಬೇಕಾ ಎಂದರೆ ಬೇಡ, ತಿಂಡಿ ಆಯ್ತಾ ಎಂದರೆ ಆಯ್ತು. ಕೆಟ್ಟವಳಲ್ಲ, ಎದುರಾಡುವವಳೂ ಅಲ್ಲ. ಬಾಗಿಲು ಸಂದಿಯಿಂದ ಚಿಲ್ಲರೆ ಕೊಟ್ಟು ಕಳಿಸುವ ಹಾಗೆ ಒಂದೊಂದೇ ಮಾತು ಕೊಟ್ಟು ಕಳಿಸುತ್ತಾಳೆ. ಅವನ ಕೆಲಸದ ಕೋಣೆಯಲ್ಲಿ ಇನ್ನೂ ಒಂದು ಗಿಡ್ಡ ಸ್ಟೂಲು ಇದೆ. ಆರನೇ ವಯಸ್ಸಿನಿಂದ ಅವಳು ಅದರ ಮೇಲೆ ಕೂತು ಬಣ್ಣ ಬಳಿದಳು, ಮಗ್ಗಿ ಬರೆದಳು, ಲೆಕ್ಕ ಮಾಡಿದಳು. ಹಾಡುಗಳು ಒಂದೊಂದೇ ಸಾಲು ಹತ್ತು ಸಲ, ಹದಿನೈದು ಸಲ ತಿರುಗಿ ತಿರುಗಿ ಬರುತ್ತಿದ್ದರೆ ತಲೆಯೆತ್ತದೆ ‘ಈಗ ಚೆನ್ನಾಯ್ತು ಅಪ್ಪ’ ಎನ್ನುತ್ತಿದ್ದಳು. ಮೂರು ವರ್ಷದಿಂದ ಆ ಕೋಣೆಗೆ ಕಾಲಿಟ್ಟಿಲ್ಲ. ಊಟಕ್ಕೆ ಕರೆಯಬೇಕಾದರೂ ಹೊಸಿಲ ಆಚೆಯಿಂದಲೇ ಕರೆದು, ಅವನು ಹೂಂ ಎನ್ನುವ ಮುಂಚೆ ಹೋಗಿರುತ್ತಾಳೆ. ಬೆಳೆದ ಹೆಣ್ಣುಮಕ್ಕಳು ಹಾಗೆಯೇ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ. ಒಂದು ದಿನ ಯಾರೋ ಬಂದಿದ್ದಾಗ ಅವರ ಮುಂದೆಯೇ ಅವಳಿಗೆ ಬೈದದ್ದು ನೆನಪಿತ್ತು. ಅವಳು ಎದ್ದು ಹೋದದ್ದು, ಸ್ಟೂಲಿನ ಮೇಲೆ ಪೆನ್ಸಿಲ್ ಉಳಿದದ್ದು ನೆನಪಿತ್ತು. ಯಾಕೆ ಬೈದೆ ಎಂಬುದು ನೆನಪಿರಲಿಲ್ಲ, ನೆನಪು ಮಾಡಿಕೊಳ್ಳಲು ಹೋಗಿಯೂ ಇರಲಿಲ್ಲ. ಬೈದದ್ದಕ್ಕೇ ಮೂರು ವರ್ಷ ಮುನಿಸಿಕೊಳ್ಳುವವರುಂಟೇ ಎಂದು ಅವನಿಗೂ ಒಂದು ಮುನಿಸು ಇತ್ತು.

ಡ್ರೈವರ್ ಹನ್ನೊಂದಕ್ಕೆ ಸರಿಯಾಗಿ ಬಂದರು. ಜೀವಮಾನವಿಡೀ ಗಡಿಯಾರ ನೋಡಿ ಗಾಡಿ ಬಿಟ್ಟವರು, ಗಂಟೆಯ ಮೇಲೆ ಎರಡು ನಿಮಿಷವಾದರೆ ಕ್ಷಮೆ ಕೇಳುವ ಜಾತಿ. ಕೋಣೆಯೊಳಗೆ ಬಂದವರು ಕುರ್ಚಿಯ ತುದಿಯಲ್ಲಿ ಕೂತು, ಗೋಡೆಗೆ ಅಂಟಿಸಿದ ಸ್ಪಂಜು, ಆಳೆತ್ತರದ ಎರಡು ಸ್ಪೀಕರು, ಮೇಜಿನ ಮೇಲೆ ಕೂತ ಹಳೆಯ ಕಬ್ಬಿಣದ ಪೆಟ್ಟಿಗೆ ಎಲ್ಲವನ್ನೂ ಹೋದ ಸಲದ ಹಾಗೆಯೇ ಮರ್ಯಾದೆಯಿಂದ ನೋಡಿದರು. ಆ ಪೆಟ್ಟಿಗೆಯೇ ಈ ಕೋಣೆಯ ಹಿರಿಯ. ಮುಚ್ಚಿಹೋದ ಒಂದು ದೊಡ್ಡ ಸ್ಟುಡಿಯೋದಿಂದ ತಂದದ್ದು. ಕಂಪ್ಯೂಟರಿನಲ್ಲಿರುವ ಹಾಡನ್ನು ತಂತಿಯಲ್ಲಿ ಹೊರಗೆ ಹರಿಸಿ, ಈ ಪೆಟ್ಟಿಗೆಯ ಹೊಟ್ಟೆಯಿಂದ ಹಾಯಿಸಿ, ಮತ್ತೆ ಕಂಪ್ಯೂಟರಿಗೆ ತುಂಬಿಕೊಂಡರೆ ಮನೆಯಲ್ಲಿ ಹಾಡಿದ ಸಪ್ಪೆ ದನಿಗೂ ಒಂದು ಬೆಚ್ಚಗಿನ ಮೈ ಬರುತ್ತದೆ. ಅವನ ಕೈಗೆ ಬಂದ ಯಾವ ಹಾಡೂ ಅದರೊಳಗೆ ಹಾಯದೆ ಹೊರಗೆ ಹೋದದ್ದಿಲ್ಲ.

‘ನನಗಂತೂ ನನ್ನ ದನಿ ಇಷ್ಟು ಚೆನ್ನಾಗಿದೆ ಅಂತಲೇ ಗೊತ್ತಿರ್ಲಿಲ್ಲ ಸಾರ್’ ಎಂದರು ಡ್ರೈವರ್. ‘ಆದ್ರೆ ಇದನ್ನೆಲ್ಲ ಆ ಮಗೂಗೇ ಅಂತ ಹಾಡಿದ್ದು. ಅವರಮ್ಮ ಕೆಲಸಕ್ಕೆ ಹೋದ್ಮೇಲೆ ಸಂಜೆ ತನಕ ನಾನೇ ನೋಡ್ಕೊಳ್ಳೋದು, ಇವತ್ತು ಅಳಿಯ ಮನೇಲಿದಾರೆ ಅಂತ ಬಂದೆ. ನಾಳೆ ನಾನಿಲ್ದೆ ಇದ್ರೂ ತಾತನ ಹಾಡು ಇರ್ಲಿ ಅಂತ. ಅವಳೇ ಕಿವಿ ಮುಚ್ಕೊಂಡ್ರೆ ಇನ್ಯಾರಿಗೆ ಹಾಡ್ಲಿ ಹೇಳಿ.’

‘ಕೇಳೋಣ ಬನ್ನಿ, ಯಜಮಾನ್ರೇ’ ಎಂದು ಅವನು ಟವೆಲ್ ಹೊದಿಸಿದ.

ಕೊನೆಯ ಟ್ರಿಪ್ಪಿನ ಹಾಡು ಹಾಕಿದ. ಖಾಲಿ ಬಸ್ಸು, ಹಿಂದಿನ ಸೀಟಿನಲ್ಲಿ ನಿದ್ದೆ ಹೋದ ಒಬ್ಬನೇ ಪ್ರಯಾಣಿಕ, ಅವನನ್ನು ಎಬ್ಬಿಸಲು ಮನಸ್ಸು ಬಾರದೆ ಇನ್ನೊಂದು ಸುತ್ತು ಹೊಡೆಯುವ ಡ್ರೈವರ್. ಕಿವಿಯಣ್ಣ ಕಣ್ಣು ಮುಚ್ಚಿ ಕೇಳಿದ. ತಗಡಿನ ಡಬ್ಬಿಯ ಮೇಲೆ ಬೆರಳ ಗೆಣ್ಣಿನಿಂದ ಹಾಕಿದ ತಾಳ ಕೇಳಿತು. ಎರಡನೇ ಚರಣಕ್ಕೆ ಮುಂಚೆ ನುಂಗಿದ ಉಗುಳು ಕೇಳಿತು. ಹಾಸಿಗೆಗಳ ನಡುವೆ ನಿಂತು ಹಾಡಿದವರ ಮೈಯ ಬಿಸಿ ಕೇಳಿತು ಎಂದೇ ಅವನಿಗೆ ಅನ್ನಿಸಿತು. ಸೊಳ್ಳೆ ಇರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ಕೇಳಿದ, ದನಿ ಏರಿಸಿ ಮತ್ತೊಮ್ಮೆ ಕೇಳಿದ. ಪಕ್ಕದಲ್ಲಿ ಡ್ರೈವರಿನ ಬಲಗಾಲು ಹಾಡು ನಿಧಾನವಾದಲ್ಲೆಲ್ಲ ತಾನಾಗಿ ಬ್ರೇಕು ಒತ್ತುತ್ತಿತ್ತು. ಕಳೆದ ಒಂದೆರಡು ವರ್ಷದಿಂದ ಯಾರ ಹಾಡು ಬಂದರೂ ಕೊಂಚ ಮಂಕು ಎನ್ನಿಸಿ ಮೇಲಿನ ಸ್ವರಗಳಿಗೆ ಒಂದು ಚಿಟಿಕೆ ಹೊಳಪು ಹೆಚ್ಚಿಗೆ ಕೊಡುತ್ತಿದ್ದೇನಲ್ಲ, ಅದೇನಾದರೂ ಜಾಸ್ತಿಯಾಯಿತೇ ಎಂದು ಒಮ್ಮೆ ಅನುಮಾನ ಬಂತು. ಮನೆಯಲ್ಲಿ ಹಾಡುವವರ ಮೈಕುಗಳು ಈಚೆಗೆ ಅಗ್ಗವಾಗಿವೆ, ಮಂಕಾಗದೆ ಇನ್ನೇನು ಎಂದು ತಾನೇ ಉತ್ತರ ಹೇಳಿಕೊಂಡ. ಹೇಳಿಕೊಂಡಾದ ಮೇಲೆ ಹೆಂಡತಿಯ ಅಣಕ ನೆನಪಾಯಿತು, ಅಕ್ಷರ ಸಣ್ಣದಾಯಿತು, ಬಲ್ಬು ಮಂದ. ಕೇಳಿಸದೇ ಇರುವುದರಲ್ಲಿ ಒಂದು ಸೌಕರ್ಯವಿದೆ, ಕೇಳಿಸುತ್ತಿಲ್ಲ ಎಂಬುದೂ ಗೊತ್ತಾಗುವುದಿಲ್ಲ. ಆ ಯೋಚನೆ ಬಂದದ್ದೇ ಹಾಡು ನಿಲ್ಲಿಸಿದ.

‘ನಿಮಗೇನಾದ್ರೂ ಕೇಳಿಸ್ತಾ?’ ಎಂದು ಕೇಳಿದ.

‘ನನ್ನ ಕಿವಿ ಬಿಡಿ ಸಾರ್, ಇಂಜಿನ್ ಪಕ್ಕ ಕೂತು ಕೂತು ಅರ್ಧ ಹೋಗಿದೆ. ನಿಮಗೆ?’

ಎರಡು ಉತ್ತರಗಳಿದ್ದವು. ನನಗೆ ಕೇಳಿಸುತ್ತಿಲ್ಲ ಎಂಬುದು ಒಂದು, ಅಲ್ಲಿ ಏನೂ ಇಲ್ಲ ಎಂಬುದು ಇನ್ನೊಂದು. ಎರಡರ ನಡುವೆ ಎಷ್ಟು ದೂರ ಎಂದು ಅವನಿಗೆ ಆ ಕ್ಷಣದಲ್ಲಿ ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿದ್ದೂ ‘ಏನೂ ಇಲ್ಲ’ ಎಂದ.

ಡ್ರೈವರಿನ ಮುಖ ಅರಳಿತು. ‘ನಿಮ್ಮ ಕಿವಿಗೇ ಇಲ್ಲ ಅಂದ್ಮೇಲೆ ಮುಗೀತು. ನಾನೂ ಅದೇ ಅಂದ್ಕೊಂಡೆ. ಹೋಗಿ ಸ್ವಲ್ಪ ಗದರಿಸ್ತೀನಿ ಅವಳಿಗೆ. ಐದು ವರ್ಷಕ್ಕೇ ಹಿಂಗೆ ಇಲ್ದೇ ಇರೋದನ್ನ ಹೇಳೋಕೆ ಕಲಿತ್ರೆ, ಮುಂದೆ ಯಾರು ನಂಬ್ತಾರೆ?’

‘ಮಕ್ಕಳಲ್ವಾ’ ಎಂದ ಅವನು. ಅದಕ್ಕಿಂತ ಹೆಚ್ಚು ಏನಾದರೂ ಹೇಳಬೇಕಿತ್ತು. ಗದರಿಸಬೇಡಿ ಎನ್ನಬಹುದಿತ್ತು, ಎರಡು ದಿನ ಕೊಡಿ, ಇನ್ನೊಮ್ಮೆ ನೋಡುತ್ತೇನೆ ಎನ್ನಬಹುದಿತ್ತು. ಬಾಗಿಲವರೆಗೆ ಹೋಗಿ, ಮಳೆ ಬರುವ ಹಾಗಿದೆ, ಬಸ್ಸು ಸಿಗುತ್ತಾ ಎಂದು ಕೇಳಿದ. ಡ್ರೈವರಿಗೇ ಬಸ್ಸು ಸಿಗದಿದ್ದರೆ ಇನ್ಯಾರಿಗೆ ಸಿಗುತ್ತದೆ ಸಾರ್ ಎಂದು ನಗುತ್ತ ಅವರು ಮೆಟ್ಟಿಲಿಳಿದು ಹೋದರು. ಮನೆಗೆ ಮುಕ್ಕಾಲು ಗಂಟೆಯ ದಾರಿ ಎಂದು ಹೋದ ಸಲ ಹೇಳಿದ್ದರು. ಮುಕ್ಕಾಲು ಗಂಟೆಯ ಆಚೆ, ಕಿವಿ ಮುಚ್ಚಿಕೊಂಡದ್ದೇ ತಪ್ಪಾಗಿ ಒಂದು ಮಗು ಬೈಸಿಕೊಳ್ಳಲಿದೆ.

ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಕೂತ. ಸುಸ್ತು ಎನ್ನಿಸಿತು. ನಿದ್ದೆಗೆಟ್ಟ ಸುಸ್ತಲ್ಲ, ವರ್ಷಗಟ್ಟಲೆ ಒಂದೇ ಕೈಯಲ್ಲಿ ಭಾರ ಹೊತ್ತವನ ಸುಸ್ತು. ಎದುರಿಗೆ ಟವೆಲ್ ಹೊದ್ದ ಪರದೆ ಇತ್ತು. ಮುಖ ಮುಚ್ಚಿಕೊಂಡು ಕೂತವರ ಹಾಗೆ ಇತ್ತು. ಅದನ್ನು ಎಳೆಯಲು ಹಿಂದೆಂದೂ ಅವನಿಗೆ ಇಷ್ಟು ಹೊತ್ತು ಬೇಕಾಗಿರಲಿಲ್ಲ. ಎಳೆದ. ಕೊನೆಯ ಟ್ರಿಪ್ಪಿನ ಹಾಡಿನ ಸ್ವರಗಳನ್ನು ಪರದೆಯಲ್ಲಿ ಬಿಡಿಸಿ ತೋರಿಸುವ ಚಿತ್ರ ತೆರೆದ. ಕೆಳಗೆ ದಪ್ಪ ಸ್ವರಗಳು, ಮೇಲೆ ಮೇಲೆ ಹೋದ ಹಾಗೆ ಚೂಪಾದವು, ಡ್ರೈವರಿನ ದನಿ ನಡುವೆ ಮೋಡದ ಹಾಗೆ ಏರಿ ಇಳಿಯುತ್ತಿತ್ತು. ಎಲ್ಲಕ್ಕಿಂತ ಮೇಲೆ, ದನಿಯೂ ತಾಳವೂ ತಲುಪದಷ್ಟು ಎತ್ತರದಲ್ಲಿ, ಬಟ್ಟೆ ಒಣಗಿಸಲು ತಂತಿ ಬಿಗಿದ ಹಾಗೆ ಒಂದು ಗೆರೆ ಇತ್ತು. ಹಾಡಿನ ಆರಂಭದಿಂದ ಕೊನೆಯವರೆಗೆ, ಎಲ್ಲೂ ನಡುಗದೆ, ಎಲ್ಲೂ ತುಂಡಾಗದೆ. ಡ್ರೈವರ್ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಲ್ಲೂ ಅದು ನಿಂತಿರಲಿಲ್ಲ. ಸೊಳ್ಳೆ.

ಆ ಗೆರೆಯೊಂದನ್ನೇ ಬೇರೆ ಮಾಡಿ, ಉಳಿದದ್ದನ್ನೆಲ್ಲ ಅಡಗಿಸಿ, ಸ್ಪೀಕರಿನಲ್ಲಿ ಜೋರಾಗಿ ಹಾಕಿದ. ಸ್ಪೀಕರಿನ ಪಕ್ಕದ ಸಣ್ಣ ದೀಪ ಹಸಿರಾಯಿತು, ಹಳದಿಯಾಯಿತು, ದನಿ ಬರುತ್ತಿದೆ ಎಂದು ಸಾಕ್ಷಿ ಹೇಳಿತು. ಅವನಿಗೆ ಕೇಳಿಸಿದ್ದು ಹೊರಗೆ ಯಾರೋ ಬೈಕು ಒದೆಯುವ ಸದ್ದು ಮಾತ್ರ. ಕತ್ತು ಮುಂದೆ ಚಾಚಿ ಕಿವಿಯನ್ನು ಸ್ಪೀಕರಿಗೆ ತಾಗಿಸಿಯೇ ಕೂತ, ಬಾಗಿಲ ಸಂದಿಯಲ್ಲಿ ಕದ್ದು ಕೇಳುವವನ ಹಾಗೆ. ಐವತ್ಮೂರು ವರ್ಷದ ಗಂಡಸು ಹಾಡುಹಗಲಲ್ಲಿ ಮೌನಕ್ಕೆ ಕಿವಿಯೊಡ್ಡಿ ಕೂತಿದ್ದಾನೆ ಎನ್ನಿಸಿ, ಯಾರೂ ನೋಡುತ್ತಿಲ್ಲವಾದರೂ, ನಾಚಿಕೆಯಾಯಿತು.

ಆ ಗೆರೆ ಡ್ರೈವರಿನ ಮನೆಯಿಂದಲೇ ಬಂದಿರಲಿ ಎಂದು ಅವನ ಮನಸ್ಸು ಆಸೆಪಟ್ಟಿತು. ಅಗ್ಗದ ಮೈಕು, ಹಳೆಯ ಟೀವಿ, ಏನಾದರೂ. ಡ್ರೈವರ್ ತಂದುಕೊಟ್ಟ ಮೂಲ ಹಾಡನ್ನು ತೆರೆದು ನೋಡಿದ. ಮೇಲೆ ಆಕಾಶ ಖಾಲಿ ಇತ್ತು, ಗೆರೆ ಇರಲಿಲ್ಲ. ಹೋದ ತಿಂಗಳ ನರ್ಸಮ್ಮನ ಜೋಗುಳಗಳನ್ನು ತೆರೆದ, ಅವಳು ತಂದದ್ದರಲ್ಲಿ ಇಲ್ಲ, ಅವನು ಕೊಟ್ಟದ್ದರಲ್ಲಿ ಇದೆ. ಟೈಲರಿನ ಕೊಳಲು, ಇದೆ. ಅವಳಿ ಅಕ್ಕತಂಗಿಯರ ಹಾಡು, ಇದೆ. ಹಿಂದೆ ಹಿಂದೆ ಹೋದ ಹಾಗೆ ಗೆರೆ ತುಸು ತೆಳುವಾಗುತ್ತಿತ್ತು. ಅಂದರೆ ಮುಂದೆ ಮುಂದೆ ಬಂದ ಹಾಗೆ ಅವನೇ ಅದನ್ನು ದಪ್ಪ ಮಾಡಿದ್ದ, ಒಂದೊಂದು ಚಿಟಿಕೆ ಹೊಳಪಿನ ಜೊತೆ. ಮೂರು ವರ್ಷದ ಹಿಂದಿನ ಒಂದು ಆಗಸ್ಟಿನ ಆಚೆಗೆ ಗೆರೆ ಇರಲಿಲ್ಲ. ಆ ಆಗಸ್ಟಿನಿಂದ ಈಚೆಗೆ ನಲವತ್ನಾಲ್ಕು ಮನೆಗಳಿಗೆ ಸೊಳ್ಳೆ ಹೋಗಿತ್ತು. ಉಪ್ಪು ನೋಡುವವನು ಅಷ್ಟೂ ಪಾತ್ರೆಗಳಲ್ಲಿ ಬೆರಳದ್ದಿಯೇ ಕಳಿಸಿದ್ದ.

ಆ ಆಗಸ್ಟಿನಲ್ಲಿ ಪೆಟ್ಟಿಗೆಗೆ ಕರೆಂಟು ಕೊಡುವ ಹಳೆಯ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಅಂಥದ್ದು ಸಿಗಲು ತಿಂಗಳುಗಟ್ಟಲೆ ಆಗುತ್ತದೆ ಎಂದು ರಿಪೇರಿಯವನು ಹೇಳಿದ. ಅಲ್ಲಿಯವರೆಗೆ ಇರಲಿ ಎಂದು ಮೂಲೆಯಂಗಡಿಯಿಂದ ಒಂದು ಕಪ್ಪು ಅಡಾಪ್ಟರ್ ತಂದು ಸಿಕ್ಕಿಸಿದ್ದ. ತಾತ್ಕಾಲಿಕ ಎಂದು ಮನೆಗೆ ಬಂದದ್ದು ಯಾವುದು ತಾನೇ ಹೋಗಿದೆ. ಆ ವಾರವೇ ಸಂಗೀತ ಶಾಲೆಯ ಮೇಷ್ಟ್ರು ಇಬ್ಬರು ಶಿಷ್ಯರನ್ನು ಕಟ್ಟಿಕೊಂಡು ಬಂದು, ಇದೇ ಕೋಣೆಯಲ್ಲಿ ಕೂತಿದ್ದರು. ಅವನು ಟವೆಲ್ ಹೊದಿಸಿ, ಕಣ್ಣು ಮುಚ್ಚಿ, ಕೈ ಎತ್ತಿ, ಈಗ ಕೇಳಿ ಎಂದಿದ್ದ. ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಆಗ ಗಿಡ್ಡ ಸ್ಟೂಲಿನಿಂದ, ಹದಿನಾಲ್ಕು ವರ್ಷದ ದನಿ, ‘ಅಪ್ಪ, ಏನೋ ಕುಂಯ್ ಅಂತಿದೆ.’ ಏನಿಲ್ಲ, ಸುಮ್ನಿರು ಎಂದಿದ್ದ. ‘ಇಲ್ಲ ಅಪ್ಪ, ಆ ಪೆಟ್ಟಿಗೆಯಿಂದ. ಕಿವಿ ನೋಯುತ್ತೆ.’ ಆಗ ಅವನು ಹೇಳಿದ್ದು ಈಗ ಒಂದಕ್ಷರ ಬಿಡದೆ ನೆನಪಾಯಿತು. ‘ಇಪ್ಪತ್ನಾಲ್ಕು ಗಂಟೆ ಕಿವಿಗೆ ಅದೇನೋ ತುರುಕ್ಕೊಂಡಿದ್ರೆ ಇನ್ನೇನಾಗುತ್ತೆ? ಕಿವಿ ಇರೋದು ನನಗೆ. ಎದ್ದು ಆಚೆ ಹೋಗು.’ ಶಿಷ್ಯರಲ್ಲಿ ಒಬ್ಬ ನಕ್ಕಿದ್ದ. ಮೇಷ್ಟ್ರು ಮೆಚ್ಚುಗೆಯಿಂದ ತಲೆಯಾಡಿಸಿದ್ದರು. ಅವಳು ಪುಸ್ತಕ ಎತ್ತಿಕೊಂಡು, ಪೆನ್ಸಿಲ್ ಮರೆತು, ಹೋಗಿದ್ದಳು. ಮೂರು ವರ್ಷ ಅವನು ಮುನಿಸು ಎಂದುಕೊಂಡದ್ದು ಮುನಿಸಲ್ಲ. ಅವಳಿಗೆ ಈ ಕೋಣೆಯಲ್ಲಿ ನಿಲ್ಲಲಾಗುತ್ತಿರಲಿಲ್ಲ, ಅಷ್ಟೇ.

ಗಡಿಯಾರ ನೋಡಿದ. ಡ್ರೈವರ್ ಹೋಗಿ ಅರ್ಧ ಗಂಟೆಯ ಮೇಲಾಗಿತ್ತು. ಫೋನು ಮಾಡಿದ, ರಿಂಗಾಗಿ ರಿಂಗಾಗಿ ನಿಂತಿತು. ಗಾಡಿ ಓಡುತ್ತಿರುವಾಗ ಫೋನು ಎತ್ತುವುದಿಲ್ಲ ಎಂಬುದು ಆ ಮನುಷ್ಯನಿಗೆ ಸೀಟು ಬದಲಾದ ಮೇಲೂ ಹೋಗದ ಶಿಸ್ತು ಇರಬೇಕು. ಕೋಣೆಯಿಂದ ಹೊರಗೆ ಬಂದು ಊಟದ ಮೇಜಿನ ಹತ್ತಿರ ನಿಂತ. ಮಗಳು ಪುಸ್ತಕದಿಂದ ತಲೆಯೆತ್ತಲಿಲ್ಲ. ಅವಳ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದ, ಮತ್ತೆ ಹಾಕಿದ.

‘ಪುಟ್ಟಿ, ನನ್ನ ಕೋಣೇಲಿ ಏನಾದ್ರೂ ಸದ್ದು ಕೇಳಿಸುತ್ತಾ ನಿನಗೆ?’

‘ಯಾವ್ದು, ಆ ಕುಂಯ್ ಅನ್ನೋದಾ?’ ಅವಳು ಗೆರೆ ಎಳೆಯುತ್ತಿದ್ದ ಸ್ಕೇಲು ಸರಿಸಿದಳು. ‘ಅದು ಯಾವಾಗ್ಲೂ ಇರುತ್ತಲ್ಲ.’

‘ಮತ್ತೆ ಹೇಳ್ಲಿಲ್ಲ ಯಾಕೆ?’

ಅವಳು ಈಗ ತಲೆಯೆತ್ತಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

‘ಹೇಳಿದ್ದೆ’ ಎಂದಳು.

ಅವನು ಹೂಂ ಎಂದ. ಕ್ಷಮಿಸು ಎನ್ನುವ ಮಾತು ಆ ಮನೆಯಲ್ಲಿ ಬಳಸಿ ಅಭ್ಯಾಸವಿರಲಿಲ್ಲ. ಹೊಸ ಪಾತ್ರೆಯ ಹಾಗೆ ಎಲ್ಲೋ ಮೇಲಿನ ಅಟ್ಟದಲ್ಲಿ ಇತ್ತು. ‘ಒಂದು ನಿಮಿಷ ಬರ್ತೀಯಾ? ಒಳಗೆ ಬರೋದು ಬೇಡ. ಬಾಗಿಲಲ್ಲಿ ನಿಂತು ಹೇಳಿದ್ರೆ ಸಾಕು’ ಎಂದ. ಅವಳು ಪೆನ್ನಿಗೆ ಮುಚ್ಚಳ ಹಾಕಿ ಎದ್ದಳು.

ಅವಳು ಹೊಸಿಲ ಮೇಲೆ ನಿಂತಳು, ಒಂದು ಕೈ ಚೌಕಟ್ಟಿಗೆ ಕೊಟ್ಟು. ಮುಖ ಸ್ವಲ್ಪ ಕಿವುಚಿಕೊಂಡಿತ್ತು. ಅದನ್ನು ಅವನು ಮೊದಲ ಸಲ ಕಂಡ. ಊಟಕ್ಕೆ ಕರೆದು ಓಡಿಹೋಗುತ್ತಿದ್ದಾಗಲೂ ಆ ಮುಖ ಹೀಗೆಯೇ ಇದ್ದಿರಬೇಕು, ಅವನು ಬೆನ್ನು ತಿರುಗಿಸಿ ಕೂತಿರುತ್ತಿದ್ದ. ಸ್ಪೀಕರ್ ಆರಿಸಿದ. ‘ಇದೆ’ ಎಂದಳು. ಕಂಪ್ಯೂಟರ್ ಆರಿಸಿದ. ಅದರ ಫ್ಯಾನು ನಿಂತದ್ದು ಅವನಿಗೂ ಕೇಳಿತು, ಅದೇ ಇರಬಹುದೆಂದು ಒಂದು ಗಳಿಗೆ ಆಸೆಯಾಯಿತು. ‘ಅದಲ್ಲ. ಇನ್ನೂ ಇದೆ.’ ಮೇಜಿನ ದೀಪ ಆರಿಸಿದ, ‘ಇದೆ’. ಮಂಡಿಯೂರಿ ಮೇಜಿನ ಕೆಳಗೆ ತೂರಿ, ಧೂಳು ಹಿಡಿದ ತಂತಿಗಳ ನಡುವೆ ಕೈ ಹಾಕಿ, ಕಪ್ಪು ಅಡಾಪ್ಟರ್ ಹುಡುಕಿದ. ಬೆಚ್ಚಗಿತ್ತು, ಜೀವ ಇದ್ದ ಹಾಗೆ. ಕಿತ್ತ.

ಏನೂ ಆಗಲಿಲ್ಲ. ಕೋಣೆ ಮೊದಲು ಹೇಗಿತ್ತೋ ಹಾಗೇ ಇತ್ತು. ಮೇಜಿನ ಕೆಳಗೆ, ಮಂಡಿಯ ಮೇಲೆ, ಕೈಯಲ್ಲಿ ಅಡಾಪ್ಟರ್ ಹಿಡಿದು ಅವನು ಏನಾದರೂ ಬದಲಾದೀತೇ ಎಂದು ಕಾಯುತ್ತಿದ್ದಾಗ, ಬಾಗಿಲಿನಿಂದ ಒಂದು ಉಸಿರು ಬಿಟ್ಟ ಸದ್ದು ಬಂತು.

‘ನಿಂತೋಯ್ತು’ ಎಂದಳು. ಸ್ವಲ್ಪ ಹೊತ್ತಿನ ಮೇಲೆ, ‘ಎಷ್ಟು ಚೆನ್ನಾಗಿದೆ’ ಎಂದಳು. ಮತ್ತೂ ಸ್ವಲ್ಪ ಹೊತ್ತಿನ ಮೇಲೆ, ದನಿ ತಗ್ಗಿಸಿ, ‘ಅಪ್ಪ, ನಿನಗೆ ಗೊತ್ತಾಗ್ಲಿಲ್ವಾ, ನಿಂತಿದ್ದು?’

ಹೂಂ ಎಂದುಬಿಡಬಹುದಿತ್ತು. ಮೇಜಿನ ಕೆಳಗಿದ್ದವನ ಮುಖ ಅವಳಿಗೆ ಕಾಣುತ್ತಿರಲಿಲ್ಲ. ಅಡಾಪ್ಟರ್ ಬದಲಾಯಿಸಿದರೆ ಸೊಳ್ಳೆಯ ಕಥೆ ಇಲ್ಲಿಗೆ ಮುಗಿಯುತ್ತದೆ. ಯಂತ್ರದ್ದು ತಪ್ಪು, ಯಂತ್ರ ರಿಪೇರಿಯಾಯಿತು, ಕಿವಿಯಣ್ಣನ ಕಿವಿ ಕಿವಿಯಾಗಿಯೇ ಉಳಿಯುತ್ತದೆ. ಆಮೇಲೆ ಅವನು ಇನ್ನೊಂದು ಚಿಟಿಕೆ ಹೊಳಪು ಕೊಡುತ್ತಾನೆ, ಇನ್ನಾರದೋ ಮನೆಯ ಮಗು ಕಿವಿ ಮುಚ್ಚಿಕೊಳ್ಳುತ್ತದೆ.

‘ಇಲ್ಲ ಪುಟ್ಟಿ. ನನಗೆ ಅದು ಕೇಳಿಸೋದೇ ಇಲ್ಲ’ ಎಂದ. ‘ಎಷ್ಟು ದಿನದಿಂದ ಅಂತಲೂ ಗೊತ್ತಿಲ್ಲ. ಅವತ್ತು ಅವರೆಲ್ಲರ ಮುಂದೆ ನಿನಗೆ ಹಾಗೆ ಅಂದೆ. ಕೇಳಿಸ್ತಿದ್ದದ್ದು ನಿನಗೆ.’

ಅವನು ಹಿಂದಕ್ಕೆ ತೆವಳಿ, ಮೇಜಿನ ಅಂಚಿಗೆ ತಲೆ ಬಡಿಸಿಕೊಂಡು, ಎದ್ದು ನಿಂತ. ಫೋನು ತೆಗೆದುಕೊಂಡು ಮತ್ತೆ ಡ್ರೈವರಿಗೆ ಮಾಡಿದ. ಈ ಸಲ ಎತ್ತಿದರು.

‘ಯಜಮಾನ್ರೇ, ಮೊಮ್ಮಗಳಿಗೆ ಬೈದ್ರಾ?’

‘ಈಗ ಗೇಟು ತೆಗೀತಿದೀನಿ ಸಾರ್. ಬಸ್ಸು ತಡ ಆಯ್ತು. ಯಾಕೆ?’

‘ಬೈಬೇಡಿ. ಅವಳು ಹೇಳಿದ್ದು ನಿಜ. ಸೊಳ್ಳೆ ಇದೆ.’ ಹೆಂಡತಿಯ ಅಂಗಡಿಯ ಗಂಡಸರೆಲ್ಲ ಸಾಲಾಗಿ ನಿಂತು ತನ್ನನ್ನು ನೋಡುತ್ತಿದ್ದಾರೆ ಎನ್ನಿಸಿತು. ‘ನಿಮ್ಮ ಮನೇದಲ್ಲ, ನಮ್ಮ ಮನೇದು. ನನ್ನ ಕಿವಿಗೆ ಕೇಳಿಸಲ್ಲ, ಅದಕ್ಕೇ ಇಲ್ಲ ಅಂದುಬಿಟ್ಟೆ. ಹನ್ನೊಂದೂ ಮತ್ತೆ ಮಾಡಿಕೊಡ್ತೀನಿ.’

ಆ ಕಡೆ ಗೇಟು ಕಿರುಗುಟ್ಟಿದ್ದು ಕೇಳಿತು. ಆಮೇಲೆ ಡ್ರೈವರ್, ‘ಸದ್ಯ ಸಾರ್’ ಎಂದರು. ‘ನಾನು ಬಸ್ಸಲ್ಲಿ ದಾರಿಯುದ್ದ ಹೆಂಗೆ ಬೈಯೋದು ಅಂತಲೇ ಯೋಚನೆ ಮಾಡ್ಕೊಂಡು ಬಂದೆ. ಬೈಯೋಕೆ ಬರಲ್ಲ ನಂಗೆ.’

ಇನ್ನು ನಲವತ್ಮೂರು ಫೋನುಗಳಿದ್ದವು. ನಾಳೆಯಿಂದ. ಕಿವಿಯಣ್ಣ ಎಂಬ ಹೆಸರು ಅಷ್ಟು ಫೋನುಗಳನ್ನು ದಾಟಿ ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಹೋದರೆ ಏನು ಉಳಿಯುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ. ಅದನ್ನು ಯೋಚಿಸಲೂ ಶಕ್ತಿ ಇಲ್ಲದೆ, ಕಂಪ್ಯೂಟರನ್ನೂ ಸ್ಪೀಕರನ್ನೂ ಹೊತ್ತಿಸಿ, ಡ್ರೈವರಿನ ಮೂಲ ಹಾಡನ್ನು ತೆರೆದ. ಪೆಟ್ಟಿಗೆಯ ತಂತಿ ಬಿಡಿಸಿಟ್ಟ. ಅಭ್ಯಾಸಬಲದಿಂದ ಕೈ ಟವೆಲಿಗೆ ಹೋಯಿತು. ಅದನ್ನು ಮಡಚಿ ಪಕ್ಕಕ್ಕಿಟ್ಟ.

ಹಿಂದೆ ಏನೋ ನೆಲಕ್ಕೆ ಉಜ್ಜಿದ ಸದ್ದಾಯಿತು. ತಿರುಗಿ ನೋಡಿದರೆ ಮಗಳು ಗಿಡ್ಡ ಸ್ಟೂಲನ್ನು ಗೋಡೆಯ ಹತ್ತಿರದಿಂದ ಎಳೆದುಕೊಂಡು ಕೂತಿದ್ದಳು. ಮಂಡಿ ಎದೆಗೆ ಬರುತ್ತಿತ್ತು, ಅಷ್ಟು ಬೆಳೆದಿದ್ದಳು.

‘ಓದೋದಿಲ್ವಾ?’ ಎಂದ.

‘ಒಂದು ಹಾಡು ಕೇಳಿ ಹೋಗ್ತೀನಿ. ಹಾಕು.’

ಹಾಕಿದ. ಖಾಲಿ ಬಸ್ಸು ಹೊರಟಿತು. ಮೊದಲ ಚರಣ ಮುಗಿಯುವ ಹೊತ್ತಿಗೆ ಅವನ ಬೆರಳು ಮೇಲಿನ ಸ್ವರಗಳ ಗುಂಡಿಯ ಮೇಲಿತ್ತು, ಎಂದಿನ ಹಾಗೆ ಒಂದು ಚಿಟಿಕೆ ಮೇಲಕ್ಕೆ ತಿರುಗಿಸಿತ್ತು.

‘ಚುಚ್ಚುತ್ತೆ ಅಪ್ಪ. ಕಮ್ಮಿ ಮಾಡು.’

ಕಡಿಮೆ ಮಾಡಿದ. ‘ಇಷ್ಟು?’

‘ಇನ್ನೂ.’

ಇನ್ನೂ ಇಳಿಸಿದ. ಅವನು ಪರದೆ ನೋಡುತ್ತಿರಲಿಲ್ಲ, ಅವಳ ಮುಖ ನೋಡುತ್ತಿದ್ದ. ಹುಬ್ಬಿನ ನಡುವೆ ಒಂದು ಸಣ್ಣ ಗಂಟು ಇತ್ತು. ಇನ್ನೊಂದು ಸ್ವಲ್ಪ ಇಳಿಸಿದ. ಅವನ ಕಿವಿಗೆ ಡ್ರೈವರಿನ ದನಿ ಪಕ್ಕದ ಕೋಣೆಗೆ ಹೋಗಿ, ಕಂಬಳಿ ಹೊದ್ದುಕೊಂಡು, ಗೋಡೆಯ ಕಡೆ ಮುಖ ಮಾಡಿ ಹಾಡಿದ ಹಾಗೆ ಕೇಳಿತು. ಮಂಕು, ಶುದ್ಧ ಮಂಕು. ನಿನ್ನೆಯವರೆಗೆ ಇಂಥದ್ದನ್ನು ಯಾರಾದರೂ ತಂದಿದ್ದರೆ ನಕ್ಕು ವಾಪಸು ಕಳಿಸುತ್ತಿದ್ದ. ಮಗಳ ಹುಬ್ಬಿನ ಗಂಟು ಬಿಚ್ಚಿಕೊಂಡಿತು. ಗಲ್ಲವನ್ನು ಮಂಡಿಯ ಮೇಲಿಟ್ಟು, ಹಿಂದಿನ ಸೀಟಿನಲ್ಲಿ ಮಲಗಿದವನನ್ನು ಎಬ್ಬಿಸಲಾರದೆ ಬಸ್ಸು ಇನ್ನೊಂದು ಸುತ್ತು ಹೊರಡುವವರೆಗೂ ಕೇಳಿದಳು.

‘ಈಗ ಚೆನ್ನಾಯ್ತು ಅಪ್ಪ’ ಎಂದಳು.

ಅವನು ಗುಂಡಿಯಿಂದ ಕೈ ತೆಗೆದ.